ಎಂಜಿನ್ನಿನ ಕೆಳಗಿನ ತೊಲಿ

...ನಗಬ್ಯಾಡ ಸುನಿತಾ, ನಗಬ್ಯಾಡ! ನಾ ಚ್ಯಾಷ್ಟಿ ಮಾಡಾಕತ್ತಿಲ್ಲ. ಖರೇನ ಸಿಕ್ಕೊಂಡೈತಿ ಕೈ. ಬಲಗೈ... ಇಲ್ಲಿ, ಎಂಜಿನ್ನಿನ ಬುಡಕ, ಮಣಿಕಟ್ಟಿನ ಮಟಾ ಹೋಗೇತಿ. ಹಿಂದೂ ಬರವಲ್ದು, ಮುಂದೂ ಹೋಗವಲ್ದು. ಗಂಡ ಬೋಟಿನ ಹೊಟ್ಟ್ಯಾಗ ಅಡ್ಡಬಿದ್ದಾನ, ಹೆಂಡ್ತಿಗೆ ನಗಿ! ಮೊದಲ ಅದನ್ನ ನಿಲ್ಸು.

ಹಾಂ... ನಿಲ್ಸಿದಿ. ಚೊಲೋ ಆತು.

ಬಂದಿದ್ದಂತೂ ಭಾಳ ಚೊಲೋ ಆತು ನೋಡ. ಎಷ್ಟೊತ್ತಾತು ಒದರಾಕತ್ತು! ಈ ತಗಡಿನ ಶೆಡ್ಡಿನ್ಯಾಗ ಒದರಿದ್ರ ಯಾರಿಗಿ ಕೇಳಬೇಕು? ಊರ ಹೊರಗ, ಬೆಣ್ಣಿಹಳ್ಳದ ದಂಡಿಗೆ ಶೆಡ್ ಹಾಕಬ್ಯಾಡ ಅಂತ ನೀನ ಬಡಕೊಂಡಿದ್ದಿ. ಹೌದು, ನಿಂದ ಖರೆ, ಈಗ ಅದನ್ನ ತಗೀಬ್ಯಾಡ. ನಾಳೆ ಪಂಚಮಿ, ಯರಗುಪ್ಪಿ ಮಂದಿ ಎಲ್ಲಾ ಉಂಡಿ ಕಟ್ಟೂದ್ರಾಗ ಐತಿ, ಇತ್ಲಾಗ ಯಾರ ಬರ್ತಾರ? ಫೋನು ಅಲ್ಲಿ ಬ್ಯಾಟರಿ ಮ್ಯಾಲ ಕುಂತು ಬಾರ್ಸಿದ್ದ ಬಾರ್ಸಿದ್ದು. ನೀನ ಮಾಡಿದ್ದೀ ಏನ? ಎದ್ದು ಎತ್ಲಿಕ್ಕೆ ಬರಬೇಕಲ್ಲ ನನಗ! ಬಾರ್ಸಿ ಬಾರ್ಸಿ ತಾನ ಸುಮ್ನಾತು.

ಹೆದರಬ್ಯಾಡ, ಕೈ ಜಜ್ಜಿಲ್ಲ. ಬೆರಳು ಆಡತಾವು. ಅಲ್ಲಿ ಕಟಿಗ್ಯಾಗ ಸ್ವಲ್ಪ ತಗ್ಗೈತಿ, ಆ ತಗ್ಗಿನ್ಯಾಗ ಕುಂತೈತಿ ಕೈ. ಅದಕ್ಕ ಉಳೀತು. ಇಲ್ಲಂದ್ರ ಇಷ್ಟೊತ್ತಿಗೆ ಶೇಂಗಾ ಚಟ್ನಿ ಆಗಿರ್ತಿತ್ತು.

ಈಗ ಕೇಳು. ನಿನ್ನ ಎಡಕ್ಕ ಚೈನ್ ಪುಲ್ಲಿ ಇಳಿಬಿದ್ದೈತಿ, ಕಂಡಿತಾ? ಎರಡು ಸರಪಳಿ ಅದಾವು. ದಪ್ಪಂದು ಎಂಜಿನ್ನಿಗೆ ಕಟ್ಟೀನಿ, ಅದನ್ನ ಮುಟ್ಟಬ್ಯಾಡ. ಸಣ್ಣಂದು, ಮಾಲಿ ಹಂಗ ಉದ್ದಕ ಇಳಿಬಿದ್ದೈತಲ್ಲ, ಅದನ್ನ ಜಗ್ಗು. ಬಾವಿ ಹಗ್ಗ ಜಗ್ಗಿದಂಗ, ಕೈ ಮ್ಯಾಲ ಕೈ ಹಾಕಿ. ಭಾಳ ಬ್ಯಾಡ, ನಾಕು ಬೆರಳಿನಷ್ಟು ಎಂಜಿನ್ ಮ್ಯಾಲೆದ್ರ ಸಾಕು, ನನ್ನ ಕೈ ಹೊರಗ. ವಜ್ಜಾ ಏನೂ ಹತ್ತಂಗಿಲ್ಲ ನಿನಗ, ಎಲ್ಲಾ ಪುಲ್ಲಿನ ಹೊರತೈತಿ. ಹೂಂ. ಜಗ್ಗು.

ಜಗ್ಗು ಅಂದ್ನಿ.

ಯಾಕ, ಸಿಗವಲ್ದ? ಸಣ್ಣಂದು ಬೇ, ಸಣ್ಣಂದು...

ಏ! ಕುಂತಿ ಏನ? ಸೀಟಿನ ಸಪ್ಪಳ ಆತು. ನೋಡಪಾ... ಕುಂತ್ಲು! ನನಗ ನಿನ್ನ ಕಾಲಷ್ಟ ಕಾಣತಾವು ಇಲ್ಲಿಂದ, ಮಾರಿ ಕಾಣವಲ್ದು. ಕಾಲು, ಸೀರಿ ಅಂಚು, ಬಾಜೂಕ ಚೀಲ. ಕೆಸರ ನೋಡು ಕಾಲಿಗಿ! ಒರಸಿ ಹತ್ತಬೇಕಿಲ್ಲ? ಆ ಹಲಗಿಗೆ ನಿನ್ನೆ ಬಣ್ಣಾ ಹಚ್ಚೀನಿ. ಸೀಟಿನ ಹೊದಿಕಿನೂ ಹೊಸಾದು. ಹೆಂಗೈತಿ ಸೀಟು? ಮೆತ್ತಗೈತಿಲ್ಲೊ? ಮುರುಕ ಬಸ್ಸಿಂದು ಅಂತ ಯಾರರೆ ಅಂತಾರೇನು? ನೀ ಹೊಲಿದ ಪಡದೆ ಕಟ್ಟೀನಿ ನೋಡ, ಕಿಡಕಿಗೆ. ನಿನ್ನ ಆ ಹಸರ ಸೀರಿದು. ಚಂದ ಕಾಣತೈತಿ. ಒಳಗ ಕುಂತ್ರ ಮನಿ ಕುಂತಂಗ ಆಗತೈತಿ.

ಆತು, ದಣದು ಬಂದೀದಿ, ಕುಂದ್ರು ಒಂದೀಟು. ಮುಂಜಾನೆ ಕುಂದಗೋಳ ಸಂತಿಗೆ ಹೋಗಿ ಬರ್ತೀನಿ ಅಂತ ಹೋದಾಕಿ ಈಗ ಬರಾಕತ್ತಿ. ಬಳಿ ಇಡಿಸಿಕೊಂಡ್ಯೇನು? ಸಪ್ಪಳ ಇಲ್ಲ ಬಳೀದು. ಕುಂದ್ರು, ದಮ್ ತಗೋ. ಆದ್ರ ಭಾಳೊತ್ತು ಬ್ಯಾಡ, ಕೈ ಜುಮ್ ಅನ್ನಾಕತ್ತೈತಿ.

...

ಸುನಿತಾ, ಮಾತಾಡವಲ್ಲಿ ಯಾಕ?

ಮುಂಜಾನೆ ಮಾತಿಗೆ ಸಿಟ್ಟಾಗೀದಿ ಏನ? ಮಿಶ್ರಿಕೋಟಿಗೆ, ನಿನ್ನ ತವರಿಗೆ ಹೋಗೂ ಮಾತಿಗೆ? ಅದಕ್ಕ ಈ ಮುಚ್ಚಿದ ಬಾಯಿ? ಹೇ ಹುಚ್ಚಿ! ನಾ ಹೋಗಬ್ಯಾಡ ಅಂದ್ನೇನು? ಈ ಪಂಚಮಿಗೆ ಬ್ಯಾಡ ಅಂದ್ನಿ ಅಷ್ಟ. ಮುಂದ ದೀಪಾವಳಿಗೆ ಹೋಗು, ಹತ್ತ ದಿನ ಇದ್ದು ಬಾ. ತವರಮನಿ ಎಲ್ಲಿ ಓಡಿ ಹೋಗತೈತಿ?

ನಾ ಹೇಳೀನಲ್ಲ ನಿನಗ. ಹೇಮಂತ ಫೋನ್ ಮಾಡಿದ್ದ. ನಿನ್ನ ತಮ್ಮನ. ಮನೀಗೆ ಸುಣ್ಣಾ ಹಚ್ಚಾಕ ತಗೊಂಡಾನಂತ. ಶ್ರಾವಣದಾಗ ಯಾರರೆ ಸುಣ್ಣಾ ಹಚ್ತಾರೇನು ಅಂದ್ರ... ಹಚ್ಚಾಕತ್ತಾನ ಮತ್ತ, ನಾ ಏನ್ ಮಾಡ್ಲಿ? ಭಾಂಡೆ ಸಾಮಾನು ಎಲ್ಲಾ ಅಂಗಳದಾಗ, ಕುಂದ್ರಾಕ ಜಾಗಾ ಇಲ್ಲ ಅಂತ. ಅವನ ಹೆಂಡ್ತಿನೂ ಹಬ್ಬಕ್ಕ ತನ್ನ ತವರಿಗೆ ಹೋಗ್ಯಾಳ. ನೀ ಹೋಗಿ ಮಾಡೂದೇನು? 'ಅಕ್ಕಗ ಸ್ವಲ್ಪ ನೀವ ತಿಳಿಸಿ ಹೇಳ್ರಿ ಮಾವಾ' ಅಂದ. ಪಾಪ, ಅವನ ಧ್ವನಿನೂ ಸಣ್ಣ ಆಗಿತ್ತು. ತಂಡಿ ಆಗೇತೇನೋ.

ಹೂಂ ಅನ್ನು, ಊಹೂಂ ಅನ್ನು. ಗ್ವಾಡಿ ಜೋಡಿ ಮಾತಾಡಿದಂಗ ಆಗೇತಿ ನನಗ.

ಜೋಕಾಲಿ ಬಗ್ಗೆ ಚಿಂತಿ ಏನು? ಇಲ್ಲೇ ಕಟ್ಟೂಣು ಜೋಕಾಲಿ! ನಮ್ಮ ಮಡಿವಾಳೆಪ್ಪ ಕಾಕಾನ ಬೇವಿನ ಗಿಡಕ್ಕ ಕಟ್ಟೂಣು. ಊರ ಹೆಣಮಕ್ಕಳೆಲ್ಲಾ ಅಲ್ಲೇ ಆಡತಾರ. ನಿನಗ ಅದು ಬ್ಯಾಡ, ಗೊತ್ತೈತಿ. ನಿನಗ ನಿಮ್ಮ ಮನೀದ ಆಗಬೇಕು. ನಡಮನಿ ತೊಲಿಗೆ ಕಟ್ಟಿದ್ದ ಆಗಬೇಕು, ಕಾಲಿಗಿ ಹೊಸ್ತಲ ಹತ್ತಬೇಕು, ಹಿಂದಕ್ಕ ಜೀಕಿದ್ರ ಅಡಗಿಮನಿ ಒಳಗ ಅವ್ವನ ಮಾರಿ ಕಾಣಬೇಕು... ಎಷ್ಟ ಸಲ ಹೇಳಿದ್ದಿ! ಲಗ್ನಾದಾಗಿಂದ ಕೇಳೀನಿ. ಆದ್ರ ಅವ್ವ ಈಗೆಲ್ಲಿ ಅದಾಳ? ಹೋಗಿ ಎರಡ ವರ್ಷ ಆತು ಆಕಿ. ಜೀಕಿದ್ರ ಯಾರ ಮಾರಿ ಕಾಣತೈತಿ?

ತಪ್ಪಾತು. ಅನಬಾರದಿತ್ತು ಅದನ್ನ. ಬಾಯಿ ಜಾರ್ತು.

ಕೈ ನೋವಾಗಾಕತ್ತೈತಿ ಸುನಿತಾ. ಖರೇ ಹೇಳ್ತೀನಿ. ಮೊದಲ ಬರೇ ಭಾರ ಅನಸ್ತಿತ್ತು, ಈಗ ಮೊಣಕೈ ಮಟಾ ಬೆಂಕಿ ಹತ್ತಿದಂಗ ಆಗೇತಿ. ಒಂದ ನಾಕ ಸಲ ಜಗ್ಗು, ಆಮ್ಯಾಲ ಕುಂತು ಎಷ್ಟ ಬೇಕಾದಷ್ಟು ಸಿಟ್ಟ ಮಾಡು. ಬೈಯಿ. ನಟ್ ಬಿಚ್ಚೂ ಪಾನಾ ತಗೊಂಡು ಹೊಡಿ.

ಹೋಗಿ ಮಂದೀನ ಕರೀತಿ ಏನು? ಬ್ಯಾಡ, ಬ್ಯಾಡ! ಮಡಿವಾಳೆಪ್ಪ ಕಾಕಾ ಏನರೆ ಇದನ್ನ ನೋಡಿದಂದ್ರ ಸಾಯೂ ತನಕ ಆಡಕೋತಾನ. ಮದ್ಲ ಸಲ ನೆನಪೈತಿಲ್ಲೊ? ಸಂದಿಗೆಲ್ಲಾ ಲಾಂಬಿ ಮೆತ್ತಿ, ಕಾರಿಗೆ ಮೆತ್ತತಾರಲ್ಲ ಅದನ್ನ, ಕಲ್ಲಾಗೂ ಹಂಗ ಒಣಗಿಸಿ, ಕೃಷಿಹೊಂಡದಾಗ ಇಳಿಸಿದ್ವಿ ಬೋಟು. ನೀರ ಕುಡದು ಹಲಗಿ ಉಬ್ಬಿದ್ವು, ಲಾಂಬಿ ಎಲ್ಲಾ ಚಟ್ ಚಟ್ ಅಂತ ಸಿಡದು ಹಾರಿತು! ನಾ ಎಂಜಿನ್ ಮಿಸ್ತ್ರಿ, ಕಬ್ಬಿಣ ಗೊತ್ತು, ಕಟಿಗಿ ಉಬ್ಬೂದು ಏನ್ ಗೊತ್ತು? ಎರಿ ಹೊಲದಾಗ ಹುಟ್ಟಿದಂವ. ಕಾಕಾ ದಂಡಿಮ್ಯಾಲ ನಿಂತು, 'ಲೇ ಯಲ್ಲೇಶಾ, ಬಂಡಿ ಗಾಲಿಗೆ ಬ್ಯಾಸಿಗ್ಯಾಗ ನೀರ ಕುಡಸೂದ ನೋಡೇ ಇಲ್ಲೇನಲೇ? ಮೊದಲ ನೀರ ಕುಡಸು, ಆಮ್ಯಾಲ ಸಂದಿ ಮುಚ್ಚು' ಅಂತ ಹೊಟ್ಟಿ ಹಿಡಕೊಂಡು ನಗತಿದ್ದ. ನೀನೂ ನಕ್ಕಿದ್ದಿ. ಆವತ್ತ ನೀ ನಕ್ಕಿದ್ದು ಕಂಡು ನನಗ ಬೋಟು ಮುಳುಗಿದ್ದ ಮರ್ತ ಹೋಗಿತ್ತು.

ಇವತ್ತ ಬ್ಯಾರೆ ನಗಿ ಆತಲ್ಲ ನಿಂದು. ಬಂದ ಕೂಡ್ಲೆ ನಕ್ಕಿ, ಆಮ್ಯಾಲ ಬಾಯಿನ ಬಿಡವಲ್ಲಿ.

ನಾ ಈ ಬೋಟು ಯಾತಕ್ಕ ಮಾಡಾಕತ್ತೀನಿ ಗೊತ್ತಿಲ್ಲೇನು ನಿನಗ? ಮಂದಿ ಹುಚ್ಚ ಅಂತೈತಿ, ಅನ್ಲಿ. ನಿನಗ ಗೊತ್ತೈತಿ. ಆ ವರ್ಷ ಹಳ್ಳ ಬಂದಾಗ, ಪಂಪ್‌ಸೆಟ್ ಉಳಸಾಕ ಹೋಗಿ ಪಂಪಿನ ಮನಿ ಮಾಳಗಿ ಮ್ಯಾಲ ಸಿಕ್ಕಬಿದ್ನಲ್ಲ. ಸುತ್ತ ನೀರು. ಸಣ್ಣ ಮಾಳಗಿ, ಕಾಲ ಚಾಚಾಕ ಬರಂಗಿಲ್ಲ. ದೂರ ದಂಡಿ ಮ್ಯಾಲ ನೀ ನಿಂತಿದ್ದಿ, ನಿನ್ನ ಹಸರ ಸೀರಿ ಅಷ್ಟ ಕಾಣತಿತ್ತು, ನನ್ನ ಹೆಸರ ಹಿಡದು ಒದರತಿದ್ದಿ, ಗಾಳ್ಯಾಗ ಅರ್ಧ ಬರತಿತ್ತು, ಅರ್ಧ ಇಲ್ಲ. ಊರಾಗ ಅಷ್ಟು ಟ್ರ್ಯಾಕ್ಟರು, ಅಷ್ಟು ಮೋಟರ್‌ಸೈಕಲ್ಲು, ಒಂದು ದೋಣಿ ಇಲ್ಲ. ಯಾರೂ ಬರಲಿಲ್ಲ. ಬರಾಕ ಏನಿತ್ತು ಅವರ ಹಂತೇಕ? ನೀರ ಇಳಿಯೂ ತನಕ ಕುಂತಿದ್ನಿ. ಆವತ್ತ ಅನಕೊಂಡ್ನಿ, ಇನ್ನೊಬ್ಬ ಹಿಂಗ ಕುಂದ್ರಬಾರದು ಅಂತ. ಅಣ್ಣಿಗೇರಿ ಗುಜರಿ ಹಸನಸಾಬ ಕಾರವಾರದ ಕಡಿಂದ ಈ ಹಳೇ ಬೋಟು ತಂದಾನ ಅಂತ ಕೇಳಿದ ಕೂಡ್ಲೆ ಓಡಿ ಹೋದ್ನಿ. ಬೆನ್ನ ಮುರದಿತ್ತು, ಎಂಜಿನ್ ಇರಲಿಲ್ಲ, ಒಳಗ ಇಲಿ ಮರಿ ಹಾಕಿತ್ತು. ಈಗ ನೋಡು! ಹಳೇ ಡೀಸೆಲ್ ಪಂಪಿನ ಎಂಜಿನ್ ಬಿಚ್ಚಿ, ತೊಳದು, ಹೊಸಾ ಪಿಸ್ಟನ್ ರಿಂಗ್ ಹಾಕಿ ಕುಂಡ್ರಸೀನಿ. ಆದ್ರ ಇದೆಲ್ಲಾ ನಿಂತಿದ್ದು ಈ ತೊಲಿ ಮ್ಯಾಲ. ಈ ಎಂಜಿನ್ನು ಕುಣಿಯೂ ಕುಣತಕ್ಕ ಸಾದಾ ಕಟಿಗಿ ಹಾಕಿದ್ರ ಸೀಳಿ ಹೋಗತೈತಿ, ನೂರ ವರ್ಷದ ಸಾಗವಾನಿ ಬೇಕು. ಸಿಕ್ತು. ನಾಳೆ ನೀ ಪೂಜಾ ಮಾಡಿ ಕಾಯಿ ಒಡದಿ ಅಂದ್ರ ಹಳ್ಳಕ್ಕ ಇಳಿಸೂದು. ಮ್ಯಾಲ ಮಳಿ ಆಗೇತಿ, ಹಳ್ಳ ಯಾವಾಗರೆ ಬರಬಹುದು. ಬರ್ಲಿ, ಈ ಸಲ ನಾವು ತಯಾರ ಅದೀವಿ.

ಏನು?... ಏನರೆ ಅಂದ್ಯಾ?

ಇಲ್ಲ. ಚೀಲ ಸರಿಸಿದಿ ಅಷ್ಟ.

ಯಾವ ತೊಲಿ ಅಂತ ಕೇಳ್ತಿ ಏನು? ಹೇಳಿದ್ನಲ್ಲ, ಅಣ್ಣಿಗೇರ್ಯಾಗ ಯಾರದೋ ಹಳೇ ವಾಡೆ ಕೆಡವಿದ್ರು, ಅಲ್ಲಿಂದು. ಹಸನಸಾಬನ ಕೊಡಿಸಿದ. ಹಳೇ ಕಟಿಗಿ ಅಂದ ಮ್ಯಾಲ ಅಲ್ಲಿ ಇಲ್ಲಿ ತಗ್ಗು ದಿಣ್ಣಿ ಇರ್ತಾವು. ಯಾತರ ತಗ್ಗು ಅಂದ್ರ... ತಗ್ಗು! ಹುಳಾ ತಿಂದಿರಬೇಕು. ಇಲ್ಲ, ಸಾಗವಾನಿಗೆ ಹುಳಾ ಹತ್ತಂಗಿಲ್ಲ... ಏನೋ ಸವದೈತಿ. ಮಂದಿ ಏನರೆ ಕಟ್ಟಿರ್ತಾರ, ತೊಟ್ಲಾ ಗಿಟ್ಲಾ. ನನಗೇನ್ ಗೊತ್ತು?

ಆ ಲಾಂಬಿ ಡಬ್ಬಿ ಕಿಡಕಿಗೆ ತಂದಿದ್ದು. ಕಾಲಿಂದ ಯಾಕ ಒತ್ತಾಕತ್ತಿ ಅದನ್ನ? ಹೌದು, ಹಸಿ ಐತಿ, ಈಗ ಕಲಸೀನಿ. ಕೈ ಯಾಕ ಹಾಕಿದ್ನಿ ಅಂದ್ರ, ನಟ್ ಬಿತ್ತು ಒಳಗ. ನಟ್ ತಗ್ಯಾಕ ಹಾಕಿದ್ನಿ. ಎಂಜಿನ್ನಿನ ಬುಡಕ ಕೊಟ್ಟ ಬೆಣಿ ಜಾರ್ತು, ಎಂಜಿನ್ ಕುಂತಬಿಡ್ತು. ಇಷ್ಟ.

ನೀರರೆ ಕೊಡು ಪುಣ್ಯಾತಗಿತ್ತಿ. ಬಾಯಿ ಒಣಗೇತಿ. ಚೀಲದಾಗ ಏನೈತಿ? ಉಂಡಿ ವಾಸನಿ ಬರಾಕತ್ತೈತಿ. ಎಳ್ಳುಂಡಿ. ದೊಡ್ಡ ಡಬ್ಬಿ ತುಂಬ ತಂದೀದಿ, ನನಗಂತ ಏನು? ನೋಡ, ಸಿಟ್ಟಿನ್ಯಾಗೂ ಗಂಡಗ ಉಂಡಿ ತಂದಾಳ. ಚೀಲದ ಬಾಯಾಗ ಕಾಣತೈತಲ್ಲ, ಆ ಹಗ್ಗ ಏನು, ಡಬ್ಬಿ ಮ್ಯಾಲ ಸುತ್ತಿದ್ದು? ಹೊಸ ಹಗ್ಗ. ಜೋಕಾಲಿದು... ಸಂತ್ಯಾಗ ತಂದಿ? ಮತ್ತ ಹೇಳಿದ್ನಲ್ಲ, ಹೋಗಾಕ ಆಗಂಗಿಲ್ಲ ಅಂತ. ಇರ್ಲಿ. ಬೇವಿನ ಗಿಡಕ್ಕ ಆಗತೈತಿ.

...

ಅಲ್ಲ, ನಿನ್ನ ಕಾಲಿಗಿ ಹತ್ತಿದ್ದೇನದು? ಈಗ ಬಿಸಲು ಬಿತ್ತು ನೋಡ, ಕಾಣಾಕತ್ತೈತಿ. ಕೆಂಪು. ನನ್ನ ರೆಡ್ ಆಕ್ಸೈಡ್ ತುಳದ ಬಂದ್ಯಾ? ಬೋಟಿನ ಬುಡಕ್ಕ ಹಚ್ಚಾಕ ಇಟ್ಟಿದ್ನಿ, ತುಳದು ಎಲ್ಲಾ ಕಡೆ ಹೆಜ್ಜಿ ಮೂಡಸಿದ್ಯೇನು...

ಡಬ್ಬಿ ಮುಚ್ಚೇತಿ. ಅಲ್ಲೇ ಐತಿ, ನನ್ನ ತಲಿಕಡೆ.

ಬಣ್ಣಾ ಅಲ್ಲ ಅದು. ಮಣ್ಣು. ಒಣಗಿದ ಮಣ್ಣು. ಕುಂದಗೋಳ ಸಂತಿಗೆ ಹೋಗಿ ಬಂದಾಕಿಗೆ ಕೆಂಪ ಮಣ್ಣು ಎಲ್ಲಿಂದ ಬಂತು? ಇಲ್ಲಿಂದ ಕುಂದಗೋಳದ ಮಟಾ ಎಲ್ಲಿ ಕಾಲಿಟ್ರೂ ಎರಿ, ಕರೇ ಎರಿ. ಕೆಂಪ ಕೆಸರು ಬೇಕಂದ್ರ ಕಲಘಟಗಿ ಕಡೆ ಹೋಗಬೇಕು. ಮಿಶ್ರಿಕೋಟಿ...

ಸುನಿತಾ.

ನೀ ಸಂತಿಗೆ ಹೋಗಿಲ್ಲ.

ನೀ ಹೋಗಿ ಬಂದಿ. ಮಿಶ್ರಿಕೋಟಿಗೆ ಹೋಗಿ ಬಂದಿ. ಆ ಉಂಡಿ ನನಗ ತಂದಿದ್ದಲ್ಲ. ತವರಿಗೆ ಒಯ್ದಿದ್ದು. ಒಯ್ದು... ತುಂಬಿದ ಡಬ್ಬಿ ತುಂಬಿದಂಗ ತಿರಗಿ ಬಂದೈತಿ. ಆ ಫೋನು ನಿಂದಲ್ಲ. ಹೇಮಂತಂದು. ನನಗ ಹೇಳಾಕ ಮಾಡಾಕತ್ತಿದ್ದ, 'ಮಾವಾ, ಅಕ್ಕ ಬಂದಾಳ' ಅಂತ... ಯಪ್ಪಾ! ಹೌದಿಲ್ಲೊ? ಹೌದು ಅನ್ನು. ಯಾಕ ಸುಮ್ನ ಕುಂತಿ? ಇಷ್ಟೊತ್ತು ಕುಂತು ಕೇಳಿದಿ. ಸುಣ್ಣಾ ಹಚ್ಚೂದು ಹೇಳಿದ್ನಿ, ಕೇಳಿದಿ. ಅಣ್ಣಿಗೇರಿ ವಾಡೆ ಹೇಳಿದ್ನಿ, ಕೇಳಿದಿ. ತವರಮನಿ ಎಲ್ಲಿ ಓಡಿ ಹೋಗತೈತಿ ಅಂದ್ನಿ... ಅದನ್ನೂ ಕುಂತು ಕೇಳಿದಿ.

ಬಂದ ಕೂಡ್ಲೆ ಕೇಳಿದ್ದು ನಗಿ ಅಲ್ಲ, ನಿನ್ನ ಅಳು ಅದು. ನಾ ಮಾರಿ ಕಾಣದ ನಗಿ ಅಂದ್ಕೊಂಡ್ನಿ.

ಎಲ್ಲಿ ಮಟಾ ಹೋಗಿದ್ದಿ? ಓಣಿ ಒಳಗ ಹೋಗಿದ್ದ್ಯಾ? ಅಲ್ಲಿ ನಿಮ್ಮ ಮನೀನ ಇಲ್ಲ. ನಾನೂ ನೋಡೀನಿ. ಬಾಜೂಮನಿ ದುಂಡವ್ವನ ಗ್ವಾಡಿ ಆ ಕಡೆ, ಈ ಕಡೆ ಬಯಲು. ನಿಮ್ಮ ಒರಳಕಲ್ಲ ಒಂದ ಉಳದಿತ್ತು, ಹೂತಿದ್ದಕ್ಕ ಕಿತ್ತಿದ್ದಿಲ್ಲ. ಹಗ್ಗಾ ಹಿಡಕೊಂಡು ಆ ಬಯಲಾಗ ನಿಂತಿದ್ದ್ಯಾ ನೀ? ದುಂಡವ್ವ ಹೊರಗ ಬಂದ್ಲೇನು? ಏನಂದ್ಲು? ಯಾರೂ ಇಲ್ಲದಂಗ ಒಬ್ಬಾಕಿನ ನಿಂತಿದ್ದ್ಯಾ?

ಹೇಳ್ತೀನಿ. ಕೇಳು. ಈಗ ಖರೇ ಹೇಳ್ತೀನಿ.

ಮುಂಗಾರು ಮೊದಲ, ಹಸನಸಾಬನ ಟೆಂಪೋ ತಗೊಂಡು ಹೋಗಿದ್ನಿ. ಹೇಮಂತ ಕರದಿದ್ದ. ಗ್ವಾಡಿ ಸೀಳಿದ್ವು, ಇನ್ನೊಂದ ಮಳಿಗೆ ನಿಲ್ಲಂಗಿಲ್ಲ, ಜಾಗಾ ಮಾರಿಬಿಟ್ಟೀನಿ ಮಾವಾ ಅಂದ. ಬಸ್ ನಿಲ್ದಾಣದ ಕಡೆ ಬಾಡಗಿ ಮನಿ ಮಾಡಿದ್ದ. ನಾ ಹೋಗೂದ್ರಾಗ ಮಾಳಗಿ ಇಳಿಸಿ, ಗ್ವಾಡಿ ಕೆಡವಿದ್ರು. ತೊಲಿ ನೆಲದ ಮ್ಯಾಲ ಬಿದ್ದಿತ್ತು. ಹೇಮಂತ ಅಂದ, 'ಅಕ್ಕಗ ನಾ ಹೇಳಾಕ ಆಗಂಗಿಲ್ಲ, ನೀವ ಹೇಳ್ರಿ. ಈ ತೊಲಿ ಆಕಿದಿರ್ಲಿ, ಆಕಿಗೆ ಒಯ್ರಿ' ಅಂದ. ಅತ್ತ ಅಂವ. ಹೇಳ್ತೀನಿ ಬಿಡಪಾ ಅಂದ್ನಿ. ತೊಲಿ ಟೆಂಪೋದಾಗ ಹಾಕ್ಕೊಂಡು ಬಂದ್ನಿ.

ಹೇಳ್ಲಿಲ್ಲ.

ಅಂವ ನಾ ಹೇಳೀನಿ ಅನಕೊಂಡಾನ. ನೀ ಫೋನ್ ಮಾಡಿದಾಗ ಅಂವ ಸಣ್ಣ ಮಾರಿ ಮಾಡಿ ಎರಡ ಮಾತಾಡಿ ಇಡತಿದ್ದ, ನೀ 'ತಮ್ಮ ಬದಲಾದ' ಅಂತ ಅಳತಿದ್ದಿ. ನಾ ಬಾಜೂಕ ಕುಂತು ರೊಟ್ಟಿ ತಿನ್ನತಿದ್ನಿ.

ಮೊದಲ ದಿನ ಹೇಳಬೇಕಂತನ ಬಂದಿದ್ನಿ, ಆಣಿಗೂ. ಆಮ್ಯಾಲ ತೊಲಿ ಅಳತಿ ನೋಡಿದ್ನಿ. ಎರಡ ತುಂಡ ಮಾಡಿದ್ರ ಎಂಜಿನ್ನಿಗೆ ಬರೋಬರಿ. ಇದಕ್ಕಿಂತ ಗಟ್ಟಿ ಕಟಿಗಿ ನನಗೆಲ್ಲಿ ಸಿಗತೈತಿ? ಹೇಳಿದ್ರ ನೀ ಇದಕ್ಕ ಗರಗಸ ಮುಟ್ಟಿಸಾಕ ಬಿಡತಿದ್ದಿಲ್ಲ. ನಾಳೆ ಹೇಳೂಣು, ಕೊಯ್ದ ಮ್ಯಾಲ ಹೇಳೂಣು, ಕುಂಡ್ರಸಿದ ಮ್ಯಾಲ ಹೇಳೂಣು... ಹಗ್ಗ ತಿಕ್ಕಿ ತಿಕ್ಕಿ ಬಿದ್ದ ತಗ್ಗು ಎಂಜಿನ್ನಿನ ಕೆಳಗ ಮುಚ್ಚಿ ಹೋಗತೈತಿ ಅನಕೊಂಡಿದ್ನಿ. ಅರ್ಧ ಹೊರಗ ಉಳೀತು. ನಾಳೆ ನೀ ಪೂಜಾಕ್ಕ ಬಂದ್ರ ನೋಡ್ತಿ. ನೋಡಿದ್ರ ಗುರ್ತ ಹಿಡೀತಿ. ಅದಕ್ಕ ನೀ ಸಂತಿಂದ ಬರೂದ್ರಾಗ ಲಾಂಬಿ ಮೆತ್ತಿಬಿಡೂಣು ಅಂತ ಕೈ ಹಾಕಿದ್ನಿ. ನಟ್ ಗಿಟ್ ಏನೂ ಬಿದ್ದಿಲ್ಲ.

ಕೈ ಉಳದಿದ್ದು ಅದ ತಗ್ಗಿನ್ಯಾಗ. ನಿನ್ನ ಜೋಕಾಲಿ ತಗ್ಗು. ನಿಮ್ಮವ್ವಂದು, ಅವರವ್ವಂದು.

ಅಳಬ್ಯಾಡ... ಅಳು, ಅಳು. ಏನರೆ ಮಾಡು, ಸುಮ್ನ ಅಷ್ಟ ಕುಂದ್ರಬ್ಯಾಡ!

ಇನ್ನೂ ಒಂದೈತಿ. ಇದನ್ನ ಹೇಳದಿದ್ರ ನಿನಗ ಗೊತ್ತಾಗಂಗಿಲ್ಲ, ಯಾರಿಗೂ ಗೊತ್ತಾಗಂಗಿಲ್ಲ. ನಾವು ಜಗಳಾಡಿದಾಗೊಮ್ಮೆ ನೀ ಅಂತಿದ್ದಿ, 'ನನಗೂ ಒಂದ ಮನಿ ಐತಿ, ನಡದ ಬಿಡ್ತೀನಿ' ಅಂತ. ನಾ ಹೊರಗ ಜೋರ ಮಾಡತಿದ್ನಿ, ಹೋಗು, ಹೋಗಿಬಿಡು ಅಂತ. ಒಳಗ ಹೆದರಿ ಸಾಯತಿದ್ನಿ. ಆವತ್ತ ಆ ಬಯಲಾಗ ನಿಂತಾಗ ನನಗ ದುಃಖ ಆಗಬೇಕಿತ್ತಿಲ್ಲ? ಆತು, ಸ್ವಲ್ಪ ಆತು. ಆದ್ರ ಅದರ ಹಿಂದ... ಹಗುರ ಆತು ಸುನಿತಾ. ಇನ್ನ ಈಕಿ ಎಲ್ಲಿ ಹೋಗತಾಳ ಅನಸ್ತು. ಆ ಪಂಪಿನ ಮನಿ ಮ್ಯಾಲ ಕುಂತು ಬಂದಂವ ನಾ. ಸುತ್ತ ಎತ್ಲಾಗೂ ದಾರಿ ಇಲ್ಲದ ಕುಂದ್ರೂದು ಹೆಂಗಿರತೈತಿ ಗೊತ್ತಿದ್ದಂವ. ನಿನ್ನ ಹಂಗ ಕುಂಡ್ರಿಸಿ ಸಮಾಧಾನ ಪಟ್ನಿ.

ಆತು. ಮುಗೀತು. ಇನ್ನೇನಿಲ್ಲ. ಬೇಕಾದ್ರ ಬಿಟ್ಟ ಹೋಗು ನನ್ನ ಇಲ್ಲೆ. ಮಡಿವಾಳೆಪ್ಪ ಕಾಕಾನ ಕಳಸು, ನಗಲಿ ಅಂವ.

...

ಎದ್ದ್ಯಾ?

ಎಲ್ಲಿ... ಸರಪಳಿ! ಸರಪಳಿ ಹಿಡದ್ಯಾ? ಹಾಂ, ಸಣ್ಣಂದು, ಅದ. ಜಗ್ಗು. ನಿಧಾನ... ಬರಾಕತ್ತೈತಿ, ಎಂಜಿನ್ ಏಳಾಕತ್ತೈತಿ. ಇನ್ನೀಟು. ಇನ್ನೀಟು... ಯವ್ವಾ! ಅಯ್ಯೋ ಅಯ್ಯೋ... ಬಂತು! ಬಂತು ಕೈ. ನೋಡಿಲ್ಲಿ, ಐದೂ ಅದಾವು. ಚರ್ಮ ಅಷ್ಟ ಹೋಗೇತಿ. ಸಾಕು, ಸಾಕ ಬಿಡು.

ಸಾಕಂದ್ನಿ. ಕೈ ಬಂತ ಬೇ, ಮತ್ತ ಯಾಕ ಜಗ್ಗಾಕತ್ತಿ? ಎಂಜಿನ್ ನೋಡು ಎಲ್ಲಿ ಹೊಂಟೈತಿ! ಮ್ಯಾಲ ಹೊಂಟೈತಿ, ಅಷ್ಟ ಎತ್ತಬ್ಯಾಡ, ಸುನಿತಾ, ಪೈಪು ಹರೀತಾವು... ಹರೀತು. ಡೀಸೆಲ್ ಸುರ್ಯಾಕತ್ತೈತಿ. ಹೊಸಾ ಬಣ್ಣದ ಮ್ಯಾಲ...

ಆತು. ಎತ್ತು.

ಈಗ ಕಂಡ್ತೇನು? ಅದು. ಲಾಂಬಿ ಹತ್ತೇತಿ, ಹಸಿ ಐತಿ, ಒರಸಿದ್ರ ಹೋಗತೈತಿ. ಸೆರಗಿನ್ಯಾಗ ಬ್ಯಾಡ, ಅರಿವಿ ಕೊಡ್ತೀನಿ... ಸೆರಗಿನ್ಯಾಗನ ಒರಸಾಕತ್ತ್ಯಾಳ. ಹಗ್ಗ ಯಾಕ ತಗದಿ ಚೀಲದಾಗಿಂದು? ನೋಡ... ನೋಡ, ಹೆಂಗ ಕುಂತೈತಿ ತಗ್ಗಿನ್ಯಾಗ. ನಾ ಏನ್ ಹೇಳ್ಲಿ ಇದಕ್ಕ? ಹೌದು. ಅದ ತೊಲಿ. ಅದನ.

ಸುನಿತಾ, ಪಾನಾ ಯಾಕ ತಗೊಂಡಿ? ಹೊಡಿ ಅಂದಿದ್ನಿ, ಹೊಡಿ, ನಾ ಏನೂ ಅನ್ನಂಗಿಲ್ಲ.

ಅಲ್ಲ... ಬೋಲ್ಟಿಗೆ ಹಾಕಾಕತ್ತಿ. ತೊಲಿ ಬಿಚ್ಚಾಕ... ಏ, ಏ, ಒಂದ ಮಾತ ಕೇಳು! ಅದನ್ನ ತಗದ್ರ ಬೋಟಿನ ಬೆನ್ನ ಹೋದಂಗ. ಈ ಮಳಿಗಾಲಕ್ಕ ಮತ್ತ ಕೂಡೂದ ಆಗಂಗಿಲ್ಲ. ಹಳ್ಳ ಬಂದ್ರ? ಯಾರರೆ ಸಿಕ್ಕಬಿದ್ರ? ಮತ್ತ ಆ ತೊಲಿ ಒಯ್ದು ಎಲ್ಲಿ ಇಡ್ತಿ? ಯಾವ ಮನಿಗೆ ಏರಸ್ತಿ? ಎರಡ ತುಂಡಾಗೇತದು, ಗ್ವಾಡಿಯಿಂದ ಗ್ವಾಡಿಗೆ ಮುಟ್ಟಂಗಿಲ್ಲ... ಕೇಳಾಕತ್ತಿ ಏನು? ಒಂದ ಮಾತ ಆಡು. ಒಂದ!

...

ಆ ಪಾನಾ ಕುಂದ್ರಂಗಿಲ್ಲ ಅದಕ್ಕ. ಜಾರತೈತಿ ನೋಡ, ಜಾರಿ ಕೈಗೆ ಬಡಿತೈತಿ. ಅದು ದೊಡ್ಡದಾತು, ಇಪ್ಪತ್ತೆರಡರದು. ತಡಿ. ಇಲ್ಲೆ ನನ್ನ ಬೆನ್ನ ಹಿಂದ ಇತ್ತು... ಇದು. ಹತ್ತೊಂಬತ್ತರದು. ತಗೋ.

ಎಡಕ್ಕ ತಿರುವು. ಕೆಳಗಿನ ನಟ್ ನಾ ಹಿಡಕೋತೀನಿ.